ಸೂರ್ಯಾಸ್ತದ ಫೋಟೋದಲ್ಲಿ ಕಪ್ಪಾದ ಮುಖ ಸರಿಮಾಡುವುದು

ಮಲ್ಪೆ ಬೀಚಿನಲ್ಲಿ ಸಂಜೆ ಸಮುದ್ರಕ್ಕೆ ಬೆನ್ನು ಹಾಕಿ ನಿಂತರೆ ಮುಖ ಕಪ್ಪಾಗುವುದು ಸಹಜ. ಸೂರ್ಯ ಹಿಂದೆ ಇರುತ್ತಾನೆ, ಅಲ್ವಾ? ಅಕ್ಕನ ಅಂಥದ್ದೊಂದು ಫೋಟೋವನ್ನು ಲೈಟ್‌ರೂಮ್ ಎಂಬ ಫೋಟೋ ತಿದ್ದುವ ಆ್ಯಪ್‌ನಲ್ಲಿ ಹೀಗೆ ಸರಿಮಾಡಿದೆ.

ಮೊದಲು ಆಕಾಶ ನೋಡಿ. ಸೂರ್ಯನ ಸುತ್ತ ಪೂರ್ತಿ ಬಿಳಿಯಾಗಿದ್ದರೆ ಅಲ್ಲಿ ವಿವರವೇ ಉಳಿದಿಲ್ಲ. ಹೈಲೈಟ್ಸ್ (ತುಂಬಾ ಬೆಳಕಿರುವ ಭಾಗಗಳ ಸ್ಲೈಡರ್) ಎಷ್ಟು ಇಳಿಸಿದರೂ ಬೂದು ಮಚ್ಚೆ ಮಾತ್ರ ಸಿಗುತ್ತದೆ, ಬಿಟ್ಟುಬಿಡಿ. ಬಣ್ಣ ಉಳಿದಿದ್ದರೆ ಹೈಲೈಟ್ಸ್ ಮೈನಸ್ 60ರ ಆಸುಪಾಸು ಸಾಕು.

ಕತ್ತಲ ಭಾಗಗಳನ್ನು ಬೆಳಗಿಸುವ ಶ್ಯಾಡೋಸ್ ಅನ್ನು ಸುಮ್ನೆ 100ಕ್ಕೆ ಎಳೆಯಬೇಡಿ. ಮರಳು, ದೋಣಿ ಎಲ್ಲವೂ ಒಟ್ಟಿಗೆ ಬೆಳ್ಳಗಾಗಿ ಫೋಟೋ ಪೇಲವವಾಗುತ್ತದೆ. ನಾನು 30ಕ್ಕೆ ನಿಲ್ಲಿಸಿದೆ. ಉಳಿದದ್ದು ಮಾಸ್ಕ್ ಕೆಲಸ, ಅಂದರೆ ಆಯ್ದ ಭಾಗವನ್ನು ಮಾತ್ರ ತಿದ್ದುವುದು. ಸೆಲೆಕ್ಟ್ ಸಬ್ಜೆಕ್ಟ್ ಒತ್ತಿದರೆ ವ್ಯಕ್ತಿ ಮಾತ್ರ ಆಯ್ಕೆಯಾಗುತ್ತದೆ. ಅಲ್ಲಿ ಎಕ್ಸ್‌ಪೋಷರ್ (ಒಟ್ಟಾರೆ ಬೆಳಕು) 0.7 ಏರಿಸಿದೆ, ಟೆಂಪ್ (ನೀಲಿ-ಹಳದಿ ಛಾಯೆ) ಸ್ವಲ್ಪ ಹಳದಿ ಕಡೆಗೆ ತಳ್ಳಿದೆ. ನೆರಳಿನಲ್ಲಿರುವ ಮುಖದ ಮೇಲೆ ಆಕಾಶದ ನೀಲಿ ಬಿದ್ದಿರುತ್ತದೆ. ಬರೀ ಬೆಳಕು ಏರಿಸಿದರೆ ಚರ್ಮ ಕಳೆಗುಂದಿ ಕಾಣುತ್ತದೆ.

ಜೂಮ್ ಮಾಡಿ ಕೂದಲಿನ ಅಂಚು ನೋಡಿ. ಬಿಳಿ ಗೆರೆ ಕಂಡರೆ ಮೆತ್ತನೆಯ ಬ್ರಷ್‌ನಿಂದ ಆ ಭಾಗವನ್ನು ಮಾಸ್ಕಿನಿಂದ ಕಳೆಯಿರಿ. ಮುಖ ಆಕಾಶಕ್ಕಿಂತ ಜಾಸ್ತಿ ಬೆಳಗಿದರೆ ಬೇರೆ ಕಡೆಯಿಂದ ತಂದು ಅಂಟಿಸಿದ ಹಾಗಿರುತ್ತದೆ. ನನಗಂತೂ ಸ್ವಲ್ಪ ನೆರಳು ಉಳಿದರೇ ಇಷ್ಟ.

ಜೆಪೆಗ್‌ನಲ್ಲಿ ಒಂದೊಂದು ಬಣ್ಣಕ್ಕೆ 256 ಹಂತ ಮಾತ್ರ, 12 ಬಿಟ್ ರಾ ಫೈಲಿನಲ್ಲಿ (ಕ್ಯಾಮೆರಾ ಸಂಸ್ಕರಿಸದೆ ಉಳಿಸುವ ಮೂಲ ಫೈಲ್) 4096. ಹಾಗಾಗಿ ಜೆಪೆಗ್‌ನ ನೆರಳು ಎತ್ತಿದರೆ ಬೇಗ ಕೆಡುತ್ತದೆ. ಫೋನಿನಲ್ಲಿ ರಾ ಇದ್ದರೆ ಆನ್ ಮಾಡಿ, ಆಕಾಶ ಬಿಳಿಯಾಗದಂತೆ ಎಕ್ಸ್‌ಪೋಷರ್ ಇಟ್ಟು ತೆಗೆಯಿರಿ.