ಕೈಗೆ ಕೆಲಸ ಕೊಟ್ಟ ಮೇಲೆ ಪಾತ್ರ ನಿಂತಿತು

ಪೋಷಕ ಪಾತ್ರ ಮಾಡುವವರು ಮುಖ ನೋಡಿಕೊಂಡರೆ ಸಾಕು, ಕೈ ಯಾರು ನೋಡ್ತಾರೆ ಅಂತ ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಅವರಲ್ಲಿ ನನಗಿಂತ ಹಿರಿಯ ನಟರಿದ್ದರು, ಕ್ಯಾಮೆರಾಮನ್‌ಗಳಿದ್ದರು. ಈಗ ನಾನು ಸೆಟ್‌ಗೆ ಹೋದ ಕೂಡಲೇ ಅಸಿಸ್ಟೆಂಟ್ ಹುಡುಗ ಬಂದು, ‘ಸಾರ್, ಇವತ್ತು ಕೈಗೆ ಏನು ಕೊಡ್ಲಿ?’ ಅಂತ ಕೇಳುತ್ತಾನೆ. ಹಾಗಾಗಿ ಪಾತ್ರದ ಕೈಗೊಂದು ಕೆಲಸ ಕೊಡುವುದರ ಬಗ್ಗೆ ಬರೆಯುವ ಧೈರ್ಯ ಬಂತು. ಮಾಸ್ಟರ್ ಅಂದರೆ ಇಡೀ ಸೀನನ್ನು ಎಲ್ಲರೂ ಕಾಣುವ ಹಾಗೆ ತೆಗೆಯುವ ಶಾಟ್, ಕ್ಲೋಸ್ ಅಂದರೆ ಅದನ್ನೇ ಮತ್ತೆ ಆಡಿಸಿ ಒಬ್ಬೊಬ್ಬರನ್ನು ಹತ್ತಿರದಿಂದ ತೆಗೆಯುವುದು.

ನಾನು ಬಂದಿದ್ದು ಬೆಂಗಳೂರಿನ ಹವ್ಯಾಸಿ ನಾಟಕದಿಂದ. ಸಂಜೆ ಆಫೀಸ್ ಬಿಟ್ಟು ರಿಹರ್ಸಲ್, ಯಾವಾಗಲೋ ಒಮ್ಮೆ ರವೀಂದ್ರ ಕಲಾಕ್ಷೇತ್ರದಲ್ಲಿ ಶೋ. ದೂರದರ್ಶನದಲ್ಲಿ 13 ಕಂತಿನ ಧಾರಾವಾಹಿಗಳು ನಡೆಯುತ್ತಿದ್ದ ಕಾಲದಲ್ಲಿ ಪೊಲೀಸ್, ಪೋಸ್ಟ್‌ಮ್ಯಾನ್ ಅಂತ ಸಣ್ಣಪುಟ್ಟದ್ದು ಮಾಡಿದ್ದೆ. 2000ದಲ್ಲಿ ಈಟಿವಿ ಕನ್ನಡ ಶುರುವಾಗಿ, ದಿನಾ ಬರುವ ಧಾರಾವಾಹಿಗಳು ಹೆಚ್ಚಾದ ಮೇಲೆ ನಮ್ಮಂಥವರಿಗೆ ಕೈತುಂಬ ಕೆಲಸ. ಅಪ್ಪ, ಮಾವ, ಹೆಡ್‌ಮಾಸ್ಟರ್, ಡಾಕ್ಟರ್. ದಿನಕ್ಕೆ ಐನೂರು ಆರುನೂರು ರೂಪಾಯಿ. ಕಾಸ್ಟ್ಯೂಮ್ ನಮ್ಮದೇ, ಇಸ್ತ್ರಿ ದುಡ್ಡು ನಮ್ಮದೇ. ಪೇಮೆಂಟ್ ಬರುವುದಕ್ಕೆ ಎರಡು ಮೂರು ತಿಂಗಳು. ಒಂದು ಕಂಪನಿಯ ಚೆಕ್ ಬೌನ್ಸ್ ಆಗಿ ಸುಮಾರು ಹನ್ನೆರಡು ಸಾವಿರ ಹೋಯಿತು. ಆಗ ಅದು ನನಗೆ ನಾಲ್ಕು ತಿಂಗಳ ಮನೆ ಬಾಡಿಗೆ.

ದುಡ್ಡಿಗಿಂತ ನೋವು ಕೊಟ್ಟಿದ್ದು ಹಾಲ್ ಸೀನ್. ನಿಮಗೆ ಗೊತ್ತೇ ಇದೆ. ದೊಡ್ಡ ಮನೆಯ ಹಾಲ್, ಹತ್ತು ಜನ ಸಾಲಾಗಿ ನಿಂತಿರುತ್ತಾರೆ, ಮಾತು ಮೂವರಿಗೆ. ಉಳಿದವರು ಕೈ ಕಟ್ಟಿ ನಿಂತು, ಕೊನೆಗೆ ಎಡಕ್ಕೊಂದು ಲುಕ್, ಬಲಕ್ಕೊಂದು ಲುಕ್, ಗಾಬರಿಗೊಂದು, ಬೇಜಾರಿಗೊಂದು ರಿಯಾಕ್ಷನ್ ಕೊಟ್ಟು ಹೋಗಬೇಕು. ನಾಟಕದಲ್ಲಿ ಮೈಯೆಲ್ಲ ಬಳಸಿ ಆಡಿದವನಿಗೆ ಅದು ಶಿಕ್ಷೆ. ಒಂದು ದಿನ ‘ನನ್ನ ಪಾತ್ರ ಅಡಿಕೆ ವ್ಯಾಪಾರಿ ಅಲ್ವಾ, ಕೂತು ಎಲೆ ಅಡಿಕೆ ಹಾಕ್ಕೊಳ್ತಾ ಇರಲಿ’ ಅಂತ ನಾನೇ ಕೇಳಿದೆ. ಡೈರೆಕ್ಟರ್ ಒಪ್ಪಿದರು. ಅಲ್ಲಿಂದ ಶುರು.

ಎಲೆ ಅಡಿಕೆ ನೋಡೋದಕ್ಕೆ ಸುಲಭ. ಎಲೆಯನ್ನು ಪಂಚೆಗೆ ಒರೆಸಬೇಕು, ತೊಟ್ಟು ತುದಿ ಚಿವುಟಬೇಕು, ಉಗುರಿನಲ್ಲಿ ನಾರು ತೆಗೆಯಬೇಕು, ಹಿಂಬದಿಗೆ ಸುಣ್ಣ ಸವರಬೇಕು, ಅಡಿಕೆ ಇಟ್ಟು ಮಡಿಸಬೇಕು. ನಿಧಾನವಾಗಿ ಮಾಡಿದರೆ ಮುಕ್ಕಾಲು ನಿಮಿಷ. ಮಾಸ್ಟರ್ ಚೆನ್ನಾಗಿ ಬಂತು. ಕ್ಲೋಸ್ ತೆಗೆಯುವಾಗ ಎಲ್ಲ ಕೆಟ್ಟಿತು. ಮಾಸ್ಟರ್‌ನಲ್ಲಿ ಮಗಳು ಅಳುವ ಹೊತ್ತಿಗೆ ನನ್ನ ಕೈ ಸುಣ್ಣದಲ್ಲಿತ್ತು, ಕ್ಲೋಸ್‌ನಲ್ಲಿ ಆಗಲೇ ಮಡಿಸಿಬಿಟ್ಟಿದ್ದೆ. ಜೊತೆಗೆ ಎಲೆ ಜಗಿದು ಬಾಯಿ ಕೆಂಪಾಗಿತ್ತು. ಮೊದಲಿನ ಶಾಟ್‌ನಲ್ಲಿ ಬಾಯಿ ಬೆಳ್ಳಗೆ, ನಂತರದ್ದರಲ್ಲಿ ಕೆಂಪು. ಕೆನ್ನೆ ಉಬ್ಬಿದ್ದರಿಂದ ಮಾತೂ ತೊದಲಿತು. ಪ್ರಸಾರದಲ್ಲಿ ನೋಡಿದರೆ ಇಡೀ ಸೀನ್‌ನಲ್ಲಿ ನನ್ನ ಮೊಣಕೈ ಮಾತ್ರ ಇತ್ತು. ‘ಇದಕ್ಕೇ ಹೇಳಿದ್ದು, ಸುಮ್ನೆ ನಿಂತ್ಕೊಳ್ಳಿ ಅಂತ’ ಎಂದರು ಅಸೋಸಿಯೇಟ್ ಡೈರೆಕ್ಟರ್.

ಎರಡನೇ ಪೆಟ್ಟು ಸೌಂಡ್‌ನಿಂದ. ನಿವೃತ್ತ ಗುಮಾಸ್ತನ ಪಾತ್ರಕ್ಕೆ ಪೇಪರ್ ಓದುವ ಕೆಲಸ ಕೊಟ್ಟುಕೊಂಡೆ. ಪುಟ ತಿರುಗಿಸಿದಾಗಲೆಲ್ಲ ಎದುರಿನವರ ಮೈಕ್‌ನಲ್ಲಿ ಪರಪರ ಸದ್ದು. ಸೌಂಡ್ ಹುಡುಗ ಹೆಡ್‌ಫೋನ್ ತೆಗೆದಿಟ್ಟು ನನ್ನನ್ನೇ ನೋಡಿದ. ಸ್ಟೀಲ್ ಲೋಟ ಇಟ್ಟರೆ ಟಣ್ ಅನ್ನುತ್ತಿತ್ತು. ಒಂದೆರಡು ಪ್ರೊಡಕ್ಷನ್ ಮ್ಯಾನೇಜರ್‌ಗಳು ‘ಅವರು ಟೈಮ್ ತಿಂತಾರೆ’ ಅಂತ ಕರೆಯುವುದನ್ನೇ ಬಿಟ್ಟರು. ದಿನಕ್ಕೆ ಹೆಚ್ಚುಕಡಿಮೆ ಒಂದು ಎಪಿಸೋಡ್ ತೆಗೆಯುವ ಕಡೆ ಒಂದು ರೀಟೇಕ್ ಅಂದರೂ ಲೆಕ್ಕವೇ. ಆ ವರ್ಷ ತಿಂಗಳಿಗೆ ನಾಲ್ಕೈದು ದಿನ ಕೆಲಸ ಸಿಕ್ಕಿದ್ದರೆ ಹೆಚ್ಚು. ಹೆಂಡತಿಯ ಸಂಬಳದಲ್ಲಿ ಮನೆ ನಡೆಯಿತು.

ದಾರಿ ಸಿಕ್ಕಿದ್ದು ಎಡಿಟಿಂಗ್ ರೂಮಿನಲ್ಲಿ. ಪರಿಚಯದ ಎಡಿಟರ್ ಒಬ್ಬರ ಹಿಂದೆ ಒಂದು ರಾತ್ರಿ ಸುಮ್ಮನೆ ಕೂತೆ. ಅವರು ಶಾಟ್‌ನಿಂದ ಶಾಟ್‌ಗೆ ಹೋಗುವುದು ಬಹಳ ಸಲ ಯಾರದೋ ಚಲನೆಯ ಮೇಲೆ. ಒಬ್ಬರು ಏಳುತ್ತಾರೆ, ಅರ್ಧ ಎದ್ದಲ್ಲಿ ಕಟ್, ಮುಂದಿನ ಶಾಟ್‌ನಲ್ಲಿ ಪೂರ್ತಿ ಏಳುತ್ತಾರೆ. ಕಣ್ಣಿಗೆ ಕಟ್ ಕಾಣುವುದಿಲ್ಲ. ಚಲನೆ ಎರಡು ಶಾಟ್‌ನಲ್ಲೂ ಒಂದೇ ಥರ ಇದ್ದರೆ ಅವರಿಗೆ ಹಬ್ಬ. ಇಲ್ಲದಿದ್ದರೆ ಆ ನಟನನ್ನೇ ಬಿಟ್ಟು ಬೇರೆಯವರ ಮುಖಕ್ಕೆ ಹೋಗುತ್ತಾರೆ. ಅಂದರೆ ನನ್ನ ಕೈ ಕೆಲಸ ಸರಿಯಾಗಿ ಕೂತರೆ, ಮಾತಿಲ್ಲದಿದ್ದರೂ ಎಡಿಟರ್‌ಗೆ ನಾನು ಬೇಕಾಗುತ್ತೇನೆ. ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

ಮಾರನೇ ವಾರದಿಂದ ಕೈ ಕೆಲಸವನ್ನು ಮಾತಿಗೆ ಕಟ್ಟಿಹಾಕಿದೆ. ನನ್ನ ಮಾತಿಗಲ್ಲ, ಎದುರಿನವರ ಮಾತಿಗೆ. ಸ್ಕ್ರಿಪ್ಟ್ ಕೈಗೆ ಬಂದ ಕೂಡಲೇ ಪೆನ್ಸಿಲ್‌ನಲ್ಲಿ ಗುರುತು ಹಾಕುತ್ತೇನೆ. ‘ಅಪ್ಪ, ನನಗೆ ಈ ಮದುವೆ ಬೇಡ’ ಅಂತ ಮಗಳು ಅಂದಾಗ ‘ಬೇಡ’ಕ್ಕೆ ತೊಟ್ಟು ಚಿವುಟುವುದು. ಹೆಂಡತಿಯ ಮಾತು ಮುಗಿದಾಗ ಸುಣ್ಣದ ಡಬ್ಬಿ. ಮಾಸ್ಟರ್ ಆಗಲಿ, ಕ್ಲೋಸ್ ಆಗಲಿ, ಸಂಜೆ ಆರು ಗಂಟೆಗೆ ಮತ್ತೆ ತೆಗೆಯಲಿ, ಅದೇ ಪದಕ್ಕೆ ಅದೇ ಕೆಲಸ. ಒಂದು ಸೀನ್‌ಗೆ ಮೂರು ಗುರುತು ಸಾಕು. ನಾಲ್ಕಾದರೆ ನೆನಪಿರೋದಿಲ್ಲ, ನೋಡುವವರಿಗೂ ಕಿರಿಕಿರಿ. ಎದುರಿನವರಿಗೆ ಪ್ರಾಂಪ್ಟಿಂಗ್ ಇದ್ದರೆ, ಅಂದರೆ ಪಕ್ಕದಿಂದ ಯಾರೋ ಮಾತು ಹೇಳಿಕೊಡುತ್ತಿದ್ದರೆ, ಸ್ವಲ್ಪ ಕಷ್ಟ. ಅವರ ಮಾತು ಪ್ರತಿ ಟೇಕ್‌ಗೂ ಹಿಂದೆ ಮುಂದೆ ಆಗುತ್ತದೆ. ಅಂಥ ಕಡೆ ಪದ ಬಿಟ್ಟು, ಅವರು ತಲೆ ಎತ್ತುವುದನ್ನೋ ತಿರುಗುವುದನ್ನೋ ಹಿಡಿಯುತ್ತೇನೆ.

ಈ ಕಣ್ಣಿನ ಉಪಾಯಕ್ಕೆ ನನಗೆ ಗುರು ಅಂದರೆ ಟಿ. ಎನ್. ಬಾಲಕೃಷ್ಣ. ಅವರಿಗೆ ಕಿವಿ ಸರಿಯಾಗಿ ಕೇಳಿಸುತ್ತಿರಲಿಲ್ಲ, ಎದುರಿನವರ ತುಟಿ ನೋಡಿಕೊಂಡು ತಮ್ಮ ಮಾತು ಹಾಕುತ್ತಿದ್ದರು. ಹಾಗೇ ಐನೂರಕ್ಕೂ ಹೆಚ್ಚು ಚಿತ್ರ ಮಾಡಿದರು. ಒಂದು ಬೇಸಿಗೆಯಲ್ಲಿ ಕೆಲಸವಿಲ್ಲದೆ ಕೂತಿದ್ದಾಗ ಹಳೇ ಚಿತ್ರಗಳನ್ನು ಸೌಂಡ್ ಪೂರ್ತಿ ನಿಲ್ಲಿಸಿ ನೋಡುತ್ತಿದ್ದೆ. ಬಾಲಣ್ಣ, ನರಸಿಂಹರಾಜು, ಕೆ. ಎಸ್. ಅಶ್ವತ್ಥ್. ಅಶ್ವತ್ಥ್ ಅವರ ಅಪ್ಪನ ಪಾತ್ರಗಳಲ್ಲಿ ಧ್ವನಿ ಇಲ್ಲದಿದ್ದರೂ ಆ ಅಪ್ಪ ಯಾರಿಗೆ ಸೋತಿದ್ದಾನೆ ಅಂತ ತಿಳಿಯುತ್ತದೆ. ಹೊಸಬರು ಒಂದು ವಾರ ಹೀಗೆ ನೋಡಲಿ. ಯಾವ ವರ್ಕ್‌ಶಾಪೂ ಬೇಡ.

ಇನ್ನು ಸಾಮಾನುಗಳ ವಿಷಯ. ಪೇಪರನ್ನು ಹಿಂದಿನ ಸೀನ್ ನಡೆಯುವಾಗಲೇ ನೀರು ಚಿಮುಕಿಸಿ ಮಡಿಸಿಡುತ್ತೇನೆ. ಸ್ವಲ್ಪ ತೇವ ಇದ್ದರೆ ಸದ್ದಿಲ್ಲ. ಜಾಸ್ತಿಯಾದರೆ ಹರಿಯುತ್ತದೆ, ಎರಡು ಪ್ರತಿ ಇಟ್ಟುಕೊಳ್ಳಿ. ಲೋಟದ ತಳಕ್ಕೆ ಬಟ್ಟೆಯ ತುಂಡು ಅಂಟಿಸುತ್ತೇನೆ. ಸುಣ್ಣದ ಡಬ್ಬಿಯಲ್ಲಿ ಸುಣ್ಣವೇ ಇರೋದಿಲ್ಲ, ಅಕ್ಕಿಹಿಟ್ಟನ್ನು ನೀರಲ್ಲಿ ಕಲಸಿದ್ದು. ಸುಣ್ಣ ಸೇರದಿದ್ದರೆ ಬಾಯಿ ಕೆಂಪಾಗುವುದಿಲ್ಲ. ಎಷ್ಟು ಟೇಕ್ ಬೇಕಾದರೂ ಜಗಿಯಬಹುದು. ಆದರೂ ಆದಷ್ಟು ಬಾಯಿಗೆ ಹಾಕದೆ, ಮಡಿಸಿದ ಎಲೆಯನ್ನು ತಟ್ಟೆಯಲ್ಲೇ ಬಿಡುತ್ತೇನೆ. ತಿನ್ನಬೇಕಾದವನು ತಿನ್ನದೆ ಬಿಟ್ಟ ಎಲೆಗೆ ಕ್ಯಾಮೆರಾಮನ್‌ಗಳು ಕೇಳದೆಯೇ ಒಂದು ಇನ್ಸರ್ಟ್, ಅಂದರೆ ಆ ವಸ್ತುವಿನದ್ದೇ ಹತ್ತಿರದ ಶಾಟ್, ತೆಗೆಯುತ್ತಾರೆ.

ಒಂದೊಂದು ಪಾತ್ರಕ್ಕೆ ಒಂದೊಂದು ಕಸುಬು ಕಲಿತೆ. ಶಿರಸಿ ಕಡೆ ಒಂದು ಮನೆಯಲ್ಲಿ ವಾರವಿದ್ದು, ಕಾಲಲ್ಲಿ ಮೆಟ್ಟಿ ಹಿಡಿಯುವ ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯೋದು ಕಲಿತೆ. ಹೂ ಕಟ್ಟುವುದನ್ನು ಅತ್ತೆ ಹೇಳಿಕೊಟ್ಟರು. ಟೈಲರ್ ಅಂಗಡಿಯಲ್ಲಿ ಕಾಜಾ ಹಾಕೋದು ಕಲಿತೆ. ಇದಕ್ಕೆಲ್ಲ ಓಡಾಟ, ಸಾಮಾನು ಅಂತ ಒಟ್ಟು ಇಪ್ಪತ್ತು ಸಾವಿರ ಹೋಗಿರಬಹುದು. ಕ್ಷೌರದ ಕತ್ತಿ ಹಿಡಿಯೋದನ್ನೂ ಕಲಿತಿದ್ದೆ. ಅದರ ಪಾತ್ರ ಇನ್ನೂ ಬಂದಿಲ್ಲ. ಗ್ಲಿಸರಿನ್ ಇಲ್ಲದೆ ಒಂದೇ ಕಣ್ಣಲ್ಲಿ ನೀರು ತರುವ ಪ್ರಯೋಗವೂ ಮಾಡಿದೆ, ಆಯಿತು. ಹೇಗೆ ಅಂತ ಇಲ್ಲಿ ಬರೆಯುವುದಿಲ್ಲ. ಕೈಗೆ ಏನು ಬೇಕು ಅಂತ ಡೈರೆಕ್ಟರ್ ಬಾಯಿಂದಲೇ ಬರುವ ಹಾಗೆ ಮಾಡುವುದೂ ಒಂದು ವಿದ್ಯೆ. ಅದನ್ನೂ ಹೇಳುವುದಿಲ್ಲ, ಅದರಿಂದಲೇ ನನಗೆ ಈಗಲೂ ಕೆಲಸ ಸಿಗುತ್ತಿದೆ.

ಫಲ ಕಂಡಿದ್ದು ಒಂದು ಧಾರಾವಾಹಿಯಲ್ಲಿ. ಹಳ್ಳಿ ಶಾನುಭೋಗನ ಪಾತ್ರ, ಒಂದು ವಾರದ ಟ್ರ್ಯಾಕ್, ಆಮೇಲೆ ಹೃದಯಾಘಾತ ಅಂತ ಬರೆದಿದ್ದರು. ಆ ವಾರ ಲೆಕ್ಕದ ಪುಸ್ತಕ, ಎಲೆ ತಟ್ಟೆ, ಕನ್ನಡಕ ಒರೆಸುವುದು, ಇಷ್ಟೇ ಮಾಡಿದೆ. ಎಡಿಟಿಂಗ್‌ನವರೇ ಡೈರೆಕ್ಟರ್‌ಗೆ ‘ಇವರಿದ್ದರೆ ಸೀನ್ ಬೇಗ ಕಟ್ ಆಗುತ್ತೆ’ ಅಂದರಂತೆ. ಹೃದಯಾಘಾತ ಮುಂದಕ್ಕೆ ಹೋಯಿತು. ಎರಡು ವರ್ಷಕ್ಕೂ ಮೇಲೆ ಆ ಶಾನುಭೋಗ ಬದುಕಿದ. ತಿಂಗಳಿಗೆ ಹನ್ನೆರಡು, ಹದಿನಾಲ್ಕು ದಿನ ಕಾಲ್‌ಶೀಟ್. ಅದನ್ನು ನೋಡಿಯೇ ಮೂರು ಸಿನಿಮಾ ಬಂದವು. ‘ಟೈಮ್ ತಿಂತಾರೆ’ ಅಂದಿದ್ದ ಮ್ಯಾನೇಜರ್‌ಗಳಲ್ಲಿ ಒಬ್ಬರು ತಾವೇ ಫೋನ್ ಮಾಡಿದರು. ಹೋದೆ, ರೇಟ್ ಮಾತ್ರ ಇಳಿಸಲಿಲ್ಲ.

ಈಗ ಧಾರಾವಾಹಿಗೆ ದಿನಕ್ಕೆ ಆರೇಳು ಸಾವಿರ ಸಿಗುತ್ತದೆ, ಸಿನಿಮಾಗೆ ಇನ್ನೂ ಸ್ವಲ್ಪ ಜಾಸ್ತಿ. ಲೀಡ್ ಮಾಡುವವರಿಗೆ ಹೋಲಿಸಿದರೆ ಏನೂ ಅಲ್ಲ, ಆದರೆ ನಿಲ್ಲದೆ ಬರುತ್ತದೆ. 2020ರ ಮಾರ್ಚ್‌ನಲ್ಲಿ ಶೂಟಿಂಗ್ ನಿಂತಾಗ ನಮ್ಮ ಕೂಡಿಟ್ಟ ದುಡ್ಡು ಪೂರ್ತಿ ಕರಗಿತು. ಅಂದಿನಿಂದ ಪ್ರತಿ ಪೇಮೆಂಟ್‌ನಲ್ಲಿ ನಾಲ್ಕನೇ ಒಂದು ಭಾಗ ಬೇರೆ ಅಕೌಂಟ್‌ಗೆ. ಇನ್ನೊಂದು ಮಾತು, ಪೇಮೆಂಟ್ ಕೊಡುವಾಗಲೇ ಹತ್ತು ಪರ್ಸೆಂಟ್ ತೆರಿಗೆ, ಟಿಡಿಎಸ್ ಅಂತ, ಹಿಡಿಯುತ್ತಾರಲ್ವಾ, ಎಷ್ಟೋ ಜನ ಅದನ್ನು ಹೋದ ದುಡ್ಡು ಅಂದುಕೊಂಡಿದ್ದಾರೆ. ರಿಟರ್ನ್ಸ್ ಹಾಕಿ. ವರ್ಷದ ಆದಾಯ ಕಡಿಮೆ ಇದ್ದರೆ ವಾಪಸ್ ಬರುತ್ತದೆ. ಐದಾರು ವರ್ಷ ಹಾಕದೆ ಬಿಟ್ಟವರ ಲೆಕ್ಕ ನೋಡಿ ನಾನು ಹೊಟ್ಟೆ ಉರಿದುಕೊಂಡಿದ್ದೇನೆ.

ಸದ್ಯ ಒಂದು ವೆಬ್ ಸರಣಿ ಮಾಡುತ್ತಿದ್ದೇನೆ. ಒಂದೇ ಕ್ಯಾಮೆರಾ, ಲೈವ್ ಸೌಂಡ್, ಉದ್ದುದ್ದ ಶಾಟ್. ಕಟ್ ಕಡಿಮೆ ಆದ್ದರಿಂದ ಮೂರು ಗುರುತಿನ ಲೆಕ್ಕ ಇಲ್ಲಿ ಅಷ್ಟು ನಡೆಯುತ್ತಿಲ್ಲ. ಒಂದು ಕೆಲಸವನ್ನೇ ಸೀನ್ ಪೂರ್ತಿ ಎಳೆಯಬೇಕು. ಪಾತ್ರ ಬೈಂಡಿಂಗ್ ಅಂಗಡಿಯವನದ್ದು. ಸೂಜಿ, ದಾರ, ಅಂಟು ಮನೆಗೆ ತಂದು ಮಗಳ ಹಳೇ ನೋಟ್‌ಬುಕ್‌ಗಳನ್ನು ಹೊಲಿಯುತ್ತಿದ್ದೇನೆ. ಅಂಟು ಒಣಗುವ ಮೊದಲು ಮಾತು ಮುಗಿಯಬೇಕು. ಇನ್ನೂ ಐದಾರು ಸೆಕೆಂಡ್ ಹೆಚ್ಚಾಗುತ್ತಿದೆ.