ಕೋಳಿ ಫಾರಂ ಸುತ್ತಿನ ಅಮೋನಿಯಾ: ಆಮ್ಲ ಹೀರಿಸಿದ ಫಿಲ್ಟರಿನಲ್ಲಿ ಹಿಡಿದು ಅಳೆಯುವುದು

ಕೋಲಾರ, ಚಿಕ್ಕಬಳ್ಳಾಪುರದ ಕಡೆ ಕೋಳಿ ಫಾರಂ ಪಕ್ಕ ಹೋದರೆ ಮೂಗಿಗೆ ಬಡಿಯುವ ಘಾಟು ಬಹುಪಾಲು ಅಮೋನಿಯಾದ್ದು. ಮೂಗಿಗೆ ತಿಳಿಯದಷ್ಟು ಕಡಿಮೆ ಇದ್ದರೂ ಅದನ್ನು ಅಳೆಯಬಹುದು. ಸಿಟ್ರಿಕ್ ಆಮ್ಲ ಹೀರಿಸಿದ ಪೇಪರಿನ ಮೂಲಕ ಗಾಳಿ ಎಳೆದರೆ ಅಮೋನಿಯಾ ಅಮೋನಿಯಂ ಸಿಟ್ರೇಟ್ ಆಗಿ ಅಲ್ಲೇ ಉಳಿಯುತ್ತದೆ. ತೊಡಕು ಒಂದೇ: ಫಾರಂನಿಂದ ಬಂದ ಅಮೋನಿಯಾ ಯಾವುದು, ನಿಮ್ಮ ಕೈಬೆವರಿನದು ಯಾವುದು ಎಂದು ಪೇಪರ್ ಭೇದ ಮಾಡುವುದಿಲ್ಲ.

47 ಮಿ.ಮೀ. ವಾಟ್‌ಮನ್ 41 ಪೇಪರ್ ತೆಗೆದುಕೊಳ್ಳಿ. ಹೊಸ ಪೇಪರಿನಲ್ಲೂ ಸ್ವಲ್ಪ ಅಮೋನಿಯಂ ಇರಬಹುದು, ಆದ್ದರಿಂದ ಡೀಅಯಾನೈಸ್ಡ್ ನೀರಲ್ಲಿ ಎರಡು ಮೂರು ಸಲ ತೊಳೆದು ಒಣಗಿಸಿ. 5 ಗ್ರಾಂ ಸಿಟ್ರಿಕ್ ಆಮ್ಲ, 2 ಮಿ.ಲೀ. ಗ್ಲಿಸರಿನ್‌ಗೆ ಮೆಥನಾಲ್ ಸೇರಿಸಿ 100 ಮಿ.ಲೀ. ಮಾಡಿ. ಅಂಗಡಿಯ ನಿಂಬೆ ಉಪ್ಪು ಬೇಡ, ಲ್ಯಾಬ್ ದರ್ಜೆಯದೇ ಬೇಕು. ಮೆಥನಾಲ್ ವಿಷ, ಬೇಗ ಹೊತ್ತಿಕೊಳ್ಳುತ್ತದೆ. ಈ ಕೆಲಸ ಫ್ಯೂಮ್ ಹುಡ್‌ನಲ್ಲೇ ಆಗಲಿ. ಪೇಪರನ್ನು ಚಿಮುಟದಲ್ಲಿ ಹಿಡಿದು ದ್ರಾವಣದಲ್ಲಿ ಅದ್ದಿ, ತೊಟ್ಟಿಕ್ಕುವುದು ನಿಂತ ಮೇಲೆ ಡೆಸಿಕೇಟರಿನಲ್ಲಿ (ತೇವ ಹೀರಿ ಒಣಗಿಸುವ ಮುಚ್ಚಿದ ಗಾಜಿನ ಪಾತ್ರೆ) ಇಡಿ. ಗ್ಲಿಸರಿನ್ ಪೇಪರಿನ ಪಸೆ ಉಳಿಸುತ್ತದೆ. ಅದಿಲ್ಲದೆ ಆಮ್ಲ ಹರಳುಗಟ್ಟಿದರೆ ಹಿಡಿತ ಕುಗ್ಗುತ್ತದೆ.

ಕೆಡುವುದು ಹೆಚ್ಚಾಗಿ ಒಣಗಿಸುವಾಗಲೇ. ಅದೇ ಕೋಣೆಯಲ್ಲಿ ಯಾರಾದರೂ ಅಮೋನಿಯಾ ಬಾಟಲಿ ತೆರೆದರೆ ಇಡೀ ಕಂತು ಹೋಯಿತು. ಡೆಸಿಕೇಟರಿನ ತಳದಲ್ಲಿ ಸಿಲಿಕಾ ಜೆಲ್ ಜೊತೆ ಒಂದು ಬಟ್ಟಲು ಸಿಟ್ರಿಕ್ ಆಮ್ಲವನ್ನೂ ಇಡಿ, ಒಳಗೆ ನುಸುಳಿದ ಅಮೋನಿಯಾವನ್ನು ಅದು ಹೀರಿಕೊಳ್ಳುತ್ತದೆ. ಪುಡಿ ಇಲ್ಲದ ಗ್ಲೌಸ್ ಕಡ್ಡಾಯ. ಬೀಡಿ ಸಿಗರೇಟು ಹತ್ತಿರಕ್ಕೂ ಬರಬಾರದು. ಪ್ರತಿ ಕಂತಿನಿಂದ ಮೂರು ಪೇಪರ್ ಬ್ಲ್ಯಾಂಕ್ ಆಗಿ, ಅಂದರೆ ಗಾಳಿ ಎಳೆಯದೆ ಹಾಗೇ, ಪರೀಕ್ಷಿಸಿ. ಮೂರೂ ಒಂದಕ್ಕೊಂದು ಹೊಂದದಿದ್ದರೆ ಕಂತನ್ನೇ ಎಸೆಯಿರಿ, ಸರಾಸರಿ ತೆಗೆದು ಸಮಾಧಾನ ಪಟ್ಟುಕೊಳ್ಳಬೇಡಿ.

ಪ್ಲಾಸ್ಟಿಕ್ ಹೋಲ್ಡರಿನಲ್ಲಿ ಮೊದಲು ಟೆಫ್ಲಾನ್ ಫಿಲ್ಟರ್ (ಧೂಳಿನಲ್ಲಿರುವ ಅಮೋನಿಯಂ ಅಲ್ಲಿಯೇ ನಿಲ್ಲಲಿ), ಅದರ ಹಿಂದೆ ಎರಡು ಆಮ್ಲದ ಪೇಪರ್, ನಡುವೆ ಸ್ಪೇಸರ್. ಎರಡನೆಯದು ಕಾವಲಿಗೆ: ಅದರಲ್ಲಿ ಮೊದಲನೆಯದರ ಶೇ. 5ಕ್ಕಿಂತ ಹೆಚ್ಚು ಸಿಕ್ಕರೆ ಗಾಳಿಯ ವೇಗವೋ ಅವಧಿಯೋ ಜಾಸ್ತಿಯಾಗಿದೆ. ಹೋಲ್ಡರಿನ ಮುಂದೆ ಪೈಪು ಹಾಕಬೇಡಿ, ಅಮೋನಿಯಾ ಅದರ ಗೋಡೆಗೇ ಅಂಟುತ್ತದೆ. ಬಾಯಿ ಕೆಳಮುಖವಾಗಿರಲಿ, ಮೇಲೆ ಮಳೆಗೆ ಒಂದು ಮುಚ್ಚಳ, ನೆಲದಿಂದ 3 ಮೀಟರ್ ಎತ್ತರ. ಬಾಯಿ ಮುಚ್ಚಿ ಪಂಪ್ ಓಡಿಸಿ ನೋಡಿ; ರೋಟಾಮೀಟರಿನ (ಗಾಳಿಯ ಹರಿವು ತೋರಿಸುವ ಕೊಳವೆ) ಗುಂಡು ಸೊನ್ನೆಗೆ ಇಳಿಯದಿದ್ದರೆ ಎಲ್ಲೋ ಸೋರಿಕೆ ಇದೆ.

ಹರಿವು ನಿಮಿಷಕ್ಕೆ 2 ಲೀಟರ್ ಸಾಕು. ಚಿಕ್ಕಬಳ್ಳಾಪುರ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಗಾಳಿಯ ಒತ್ತಡ ಕರಾವಳಿಗಿಂತ ಸುಮಾರು ಶೇ. 10 ಕಡಿಮೆ. ಆದ್ದರಿಂದ ರೋಟಾಮೀಟರಿನ ಗುರುತನ್ನು ಹಾಗೇ ನಂಬದೆ, ಪೇಪರ್ ತುಂಬಿದ ಹೋಲ್ಡರ್ ಸಮೇತ ಅಲ್ಲೇ ಸೋಪಿನ ಗುಳ್ಳೆ ಮೀಟರಿನಲ್ಲಿ ಸರಿನೋಡಿ.

ಹಳ್ಳಿಯಲ್ಲಿ ಲೆಕ್ಕ ಕೆಡಿಸುವುದು ಕರೆಂಟು. ಪಂಪ್ ನಿಜಕ್ಕೂ ಎಷ್ಟು ಹೊತ್ತು ಓಡಿತೆಂದು ಎಣಿಸುವ ಅವರ್ ಮೀಟರ್ ಜೋಡಿಸಿ. 24 ಗಂಟೆ ಓಡಿದರೆ 2.88 ಘನ ಮೀಟರ್ ಗಾಳಿ; ಪೇಪರಿನಲ್ಲಿ 56.7 ಮೈಕ್ರೋಗ್ರಾಂ ಅಮೋನಿಯಾ ಸಿಕ್ಕಿದ್ದರೆ ಘನ ಮೀಟರಿಗೆ 19.7. ನಿಜಕ್ಕೂ 19 ಗಂಟೆ ಮಾತ್ರ ಓಡಿದ್ದರೆ ಉತ್ತರ 24.9. ಗೋಡೆ ಗಡಿಯಾರ ನೋಡಿ ಬರೆದುಕೊಂಡವರಿಗೆ ಈ ವ್ಯತ್ಯಾಸ ಕಾಣುವುದೇ ಇಲ್ಲ. ದೇಶದ ಗಾಳಿ ಗುಣಮಟ್ಟದ ಮಾನದಂಡ 24 ಗಂಟೆಗೆ 400, ವಾರ್ಷಿಕ ಸರಾಸರಿ 100 ಮೈಕ್ರೋಗ್ರಾಂ.

ಶೆಡ್ಡಿನ ಒಳಗೆ ಮಾತ್ರ ಈ ಲೆಕ್ಕ ನಡೆಯದು. ಅಲ್ಲಿ 10 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 10 ಭಾಗ) ಇದ್ದರೆ ಘನ ಮೀಟರಿಗೆ ಸುಮಾರು 7 ಮಿಲಿಗ್ರಾಂ. ಒಂದು ಪೇಪರ್ ಹಿಡಿಯುವುದೇ ಸರಿಸುಮಾರು 1 ಮಿಲಿಗ್ರಾಂ. ನಿಮಿಷಕ್ಕೆ 1 ಲೀಟರಿನಂತೆ 10 ನಿಮಿಷ ಎಳೆದು ನಿಲ್ಲಿಸಿ.

ಬೇಸಿಗೆಯ ಮಧ್ಯಾಹ್ನ ಟೆಫ್ಲಾನ್ ಮೇಲಿನ ಅಮೋನಿಯಂ ನೈಟ್ರೇಟ್ ಆವಿಯಾಗಿ ಹಿಂದಿನ ಪೇಪರಿಗೆ ಸೇರಿಕೊಳ್ಳುತ್ತದೆ, ಅಳತೆ ಇದ್ದದ್ದಕ್ಕಿಂತ ಹೆಚ್ಚು ಬರುತ್ತದೆ. ಹಗಲಿಗೆ ಒಂದು, ರಾತ್ರಿಗೆ ಒಂದು ಫಿಲ್ಟರ್ ಜೋಡಣೆ ಹಾಕಿದರೆ ಇದು ಸ್ವಲ್ಪ ಹತೋಟಿಗೆ ಬರುತ್ತದೆ. ಪೂರ್ತಿ ತಪ್ಪಿಸಬೇಕೆಂದರೆ ಮುಂದೆ ಆಮ್ಲ ಸವರಿದ ಡಿನ್ಯೂಡರ್ ಕೊಳವೆಯೇ (ಅನಿಲವನ್ನು ಗೋಡೆಯಲ್ಲಿ ಹಿಡಿದು ಧೂಳನ್ನು ಮಾತ್ರ ಮುಂದೆ ಬಿಡುವಂಥದು) ಬೇಕು.

ಮುಗಿದ ತಕ್ಷಣ ಪೇಪರನ್ನು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ ಐಸ್ ಬಾಕ್ಸಿನಲ್ಲಿ ತನ್ನಿ. ಪಂಪ್ ಓಡಿಸದೆ ಅಳೆಯುವ ಜಾಗಕ್ಕೆ ಹೋಗಿ ಬಂದ ಬ್ಲ್ಯಾಂಕೂ ಜೊತೆಗಿರಲಿ. 10 ಮಿ.ಲೀ. ಡೀಅಯಾನೈಸ್ಡ್ ನೀರಲ್ಲಿ ಅರ್ಧ ಗಂಟೆ ಅಲ್ಟ್ರಾಸಾನಿಕ್ ಬಾತ್‌ನಲ್ಲಿಟ್ಟು, ಅಯಾನ್ ಕ್ರೊಮ್ಯಾಟೋಗ್ರಾಫ್‌ನಲ್ಲಾಗಲಿ (ಅಯಾನುಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇಂಡೋಫಿನಾಲ್ ನೀಲಿ ವಿಧಾನದಲ್ಲಾಗಲಿ (ಅಮೋನಿಯಂ ಹೆಚ್ಚಿದಷ್ಟೂ ನೀಲಿ ಗಾಢ) ಅಳೆಯಿರಿ. ನೀಲಿ ಬಣ್ಣ ಬರಲು ದ್ರಾವಣ ಕ್ಷಾರೀಯವಾಗಿರಬೇಕು. ಪೇಪರಿನಿಂದ ಬಂದ ಆಮ್ಲ ಆ ಕ್ಷಾರತೆಯನ್ನು ತಗ್ಗಿಸಿ ಬಣ್ಣ ಮಂಕಾಗಿಸುತ್ತದೆ. ಆದ್ದರಿಂದ ಹೋಲಿಕೆಗೆ ಬಳಸುವ ಸ್ಟ್ಯಾಂಡರ್ಡ್‌ಗಳನ್ನೂ (ಅಮೋನಿಯಂ ಎಷ್ಟಿದೆಯೆಂದು ಗೊತ್ತಿರುವ ದ್ರಾವಣಗಳು) ಬ್ಲ್ಯಾಂಕ್ ಪೇಪರಿನ ಸಾರದಲ್ಲೇ ತಯಾರಿಸಿ. ಸಿಕ್ಕಿದ್ದು ಅಮೋನಿಯಂ, ಬ್ಲ್ಯಾಂಕ್ ಕಳೆದು 17/18ರಿಂದ ಗುಣಿಸಿದರೆ ಅಮೋನಿಯಾ.

ಮಾಲೂರಿನ ಇಟ್ಟಿಗೆ ಗೂಡುಗಳ ಬಳಿ ಸಲ್ಫರ್ ಡೈಆಕ್ಸೈಡ್ ಕೂಡ ಬೇಕಿದ್ದರೆ, ಟೆಫ್ಲಾನ್ ಮತ್ತು ಆಮ್ಲದ ಪೇಪರಿನ ನಡುವೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಮತ್ತು ಗ್ಲಿಸರಿನ್ ಹೀರಿಸಿದ ಪೇಪರ್ ಸೇರಿಸಿ. ಇವೆರಡು ಒಂದಕ್ಕೊಂದು ತಾಗಿದರೆ ಆಮ್ಲ, ಕ್ಷಾರ ಎರಡೂ ಸತ್ತಂತೆ. ಕ್ಷಾರದ ಪೇಪರಿನ ಸಾರಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಿ ಸಲ್ಫೈಟನ್ನು ಸಲ್ಫೇಟ್ ಮಾಡಿಕೊಂಡು ಅಳೆಯಿರಿ.