ಅಡುಗೆ ಕಟ್ಟೆಗೆ ಎಪಾಕ್ಸಿ: ತೆಳ್ಳಗೆ, ಪದರ ಪದರವಾಗಿ

ಹಳೇ ಗ್ರಾನೈಟ್ ಕಟ್ಟೆಯನ್ನು ಒಡೆಸದೆ ಹೊಸ ರೂಪ ಕೊಡಬೇಕು ಅಂದ್ರೆ ಎಪಾಕ್ಸಿ, ಅಂದ್ರೆ ಹಾರ್ಡನರ್ (ಗಟ್ಟಿ ಮಾಡುವ ದ್ರವ) ಬೆರೆಸಿ ಸುರಿದರೆ ಗಟ್ಟಿಯಾಗುವ ರಾಳ, ಒಳ್ಳೆಯ ದಾರಿ. ಆದರೆ ಒಂದೇ ಸಲ ದಪ್ಪಗೆ ಸುರಿಯಬೇಡಿ. ರಾಳ ಗಟ್ಟಿಯಾಗುವಾಗ ತಾನೇ ಬಿಸಿಯಾಗುತ್ತದೆ, ದಪ್ಪ ಜಾಸ್ತಿಯಾದರೆ ಆ ಬಿಸಿ ಒಳಗೇ ಉಳಿದು ಗುಳ್ಳೆ, ಬಿರುಕು, ಹಳದಿ ಬಣ್ಣ ಎಲ್ಲ ಬರುತ್ತವೆ. ಒಂದು ಪದರ ಸುಮಾರು 3 ಮಿ.ಮೀ. ಇದ್ದರೆ ಸಾಕು. ಅಂಗಡಿಯಲ್ಲಿ ಟೇಬಲ್‌ಟಾಪ್ ಎಪಾಕ್ಸಿಯನ್ನೇ ಕೇಳಿ, ಅಚ್ಚಿಗೆ ಸುರಿಯುವ ಕಾಸ್ಟಿಂಗ್ ರಾಳ ಬೇರೆ.

ಲೆಕ್ಕ ಸುಲಭ. 1 ಚದರ ಮೀಟರಿಗೆ 3 ಮಿ.ಮೀ. ದಪ್ಪ ಅಂದ್ರೆ 3 ಲೀಟರ್. 8 ಅಡಿ ಉದ್ದ, 2 ಅಡಿ ಅಗಲದ ಕಟ್ಟೆಗೆ ಒಂದು ಪದರಕ್ಕೆ ಸುಮಾರು 4.5 ಲೀಟರ್ ಬೇಕು, ಅಂಚಿನಲ್ಲಿ ಇಳಿದು ಹೋಗುವುದು ಬೇರೆ.

ಮೊದಲು ಎಣ್ಣೆ ಜಿಡ್ಡು ಪೂರ್ತಿ ಹೋಗಬೇಕು. ಒಗ್ಗರಣೆ ಹಾರಿ ಹಾರಿ ಕೂತ ಜಿಡ್ಡಿನ ಮೇಲೆ ಯಾವ ರಾಳವೂ ಹಿಡಿಯುವುದಿಲ್ಲ. ಸೋಪು ನೀರಿನಲ್ಲಿ ತಿಕ್ಕಿ ಒಣಗಿಸಿ, ಕಲ್ಲಿನ ಹೊಳಪು ಹೋಗುವವರೆಗೆ ಎಮರಿ ಪೇಪರ್‌ನಲ್ಲಿ ಉಜ್ಜಿ, ಕೊನೆಗೆ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ. ರಸಮಟ್ಟ ಇಟ್ಟು ನೋಡಿ, ಕಟ್ಟೆ ಓರೆಯಿದ್ದರೆ ರಾಳವೆಲ್ಲ ತಗ್ಗಿನ ಕಡೆಗೇ ಹರಿಯುತ್ತದೆ. ಕೆಳಗಿನ ಅಂಚಿಗೆ ಟೇಪ್ ಹಚ್ಚಿ, ನೆಲಕ್ಕೆ ಪ್ಲಾಸ್ಟಿಕ್ ಹಾಸಿ. ನೈಟ್ರೈಲ್ ಕೈಗವಸು, ರಾಸಾಯನಿಕ ಆವಿ ತಡೆಯುವ ಮಾಸ್ಕ್ ಬೇಕೇ ಬೇಕು, ಕಿಟಕಿಯೂ ತೆರೆದಿರಲಿ.

ರಾಳ ಮತ್ತು ಹಾರ್ಡನರ್ ಅಳತೆ ಡಬ್ಬಿಯ ಮೇಲೆ ಬರೆದಂತೆಯೇ ಇರಲಿ, 1:1 ಇರಬಹುದು, 2:1 ಇರಬಹುದು, ಅದು ತೂಕದ ಲೆಕ್ಕವೋ ಲೀಟರಿನ ಲೆಕ್ಕವೋ ಓದಿಕೊಳ್ಳಿ. ಬೇಗ ಗಟ್ಟಿಯಾಗಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದರೆ ಮೇಲ್ಮೈ ಅಂಟಂಟಾಗಿಯೇ ಉಳಿಯುತ್ತದೆ. ಮೂರು ನಿಮಿಷವಾದರೂ ನಿಧಾನಕ್ಕೆ, ಬದಿ ತಳ ಕೆರೆಯುತ್ತಾ ಕಲಸಿ, ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಮತ್ತೆ ಕಲಸಿ. ಕಲಸಿದ ಮೇಲೆ ಬಕೆಟ್ಟಿನಲ್ಲಿ ಬಿಡಬೇಡಿ, ಬಿಸಿಯೇರಿ ಹೊಗೆ ಬರುತ್ತದೆ.

ಮೊದಲ ಪದರ ಬ್ರಷ್‌ನಲ್ಲಿ ತೆಳುವಾಗಿ, ಸಣ್ಣ ರಂಧ್ರಗಳು ಮುಚ್ಚುವಷ್ಟು. ಇಲ್ಲದಿದ್ದರೆ ಅಲ್ಲಿಂದ ಗಾಳಿ ಏಳುತ್ತಲೇ ಇರುತ್ತದೆ. ಆಮೇಲೆ ಬಣ್ಣದ ಪದರ, ಕೊನೆಗೆ ಪಾರದರ್ಶಕ ಪದರ. ಪ್ರತಿ ಸಲ ಹಲ್ಲುಕರಣೆಯಲ್ಲಿ ಹರಡಿ, ಹೀಟ್ ಗನ್ (ಬಿಸಿ ಗಾಳಿ ಊದುವ ಸಾಧನ) ಮೇಲಿಂದ ಬೇಗಬೇಗ ಆಡಿಸಿದರೆ ಗುಳ್ಳೆ ಒಡೆಯುತ್ತವೆ, ಒಂದೇ ಕಡೆ ಹಿಡಿದರೆ ರಾಳ ಸುಡುತ್ತದೆ.

ಎರಡು ಪದರದ ನಡುವಿನ ಹೊತ್ತೇ ಇಲ್ಲಿ ಮುಖ್ಯ. ಬೆರಳಿಟ್ಟರೆ ಅಂಟಂಟಾಗಿರಬೇಕು, ಆದರೆ ರಾಳ ಕೈಗೆ ಮೆತ್ತಬಾರದು. ಆಗ ಸುರಿದರೆ ಎರಡೂ ಒಂದಾಗಿ ಕೂಡಿಕೊಳ್ಳುತ್ತವೆ. ಪೂರ್ತಿ ಗಟ್ಟಿಯಾಗಿಬಿಟ್ಟರೆ 220 ನಂಬರಿನ ಎಮರಿ ಪೇಪರ್‌ನಲ್ಲಿ ಉಜ್ಜಿ, ಧೂಳು ಒರೆಸಿಯೇ ಮುಂದಿನದು. ಮಳೆಗಾಲದಲ್ಲಿ, ಅದರಲ್ಲೂ ಕರಾವಳಿ ಮಲೆನಾಡಿನಲ್ಲಿ ಈ ಕೆಲಸ ಬೇಡ, ತೇವಕ್ಕೆ ಮೇಲೆ ಜಿಡ್ಡಿನಂಥ ಪೊರೆ ಕಟ್ಟುತ್ತದೆ.

ಒಂದು ವಾರ ಕಟ್ಟೆಯ ಮೇಲೆ ಭಾರ, ನೀರು ಬೇಡ. ಒಲೆಯ ಜಾಗದಲ್ಲಿ ಗ್ರಾನೈಟ್ ಹಾಗೇ ಇರಲಿ ಅನ್ನುವುದು ನನ್ನ ಖಚಿತ ಅಭಿಪ್ರಾಯ, ಯಾಕಂದ್ರೆ ಬಿಸಿ ಕುಕ್ಕರ್ ಇಟ್ಟರೆ ಎಪಾಕ್ಸಿ ಮೆತ್ತಗಾಗಿ ಗುರುತು ಬೀಳುತ್ತದೆ. ತರಕಾರಿಯನ್ನೂ ಮಣೆಯ ಮೇಲೇ ಹೆಚ್ಚಿ. ಮುಂದೆ ಗೀರು ಜಾಸ್ತಿಯಾದರೆ ಮೇಲ್ಪದರ ಉಜ್ಜಿ ಇನ್ನೊಂದು ತೆಳು ಪದರ ಸುರಿಯಬಹುದು.